ಪೆರಾಕ್ಸೈಡ್ ಕೋಶ, ಗಂಗಹನುಮಯ್ಯನವರು ಮತ್ತು ನಾನು ಬರೆದ ತೂಕ

ವಿದ್ಯುದ್ರಸಾಯನ ಶಾಸ್ತ್ರವನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯಿಂದ ಹೊರಕ್ಕೆ ತಂದು, ಅದು ಊರಿನ ಜನರ ಕೈಗೆ ಬರಬಹುದಾದ ವಿದ್ಯೆ ಎಂದು ನಂಬಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದ ಕೆಲವೇ ಅಧ್ಯಾಪಕರಲ್ಲಿ ಪ್ರೊಫೆಸರ್ ಗಂಗಹನುಮಯ್ಯನವರು ಒಬ್ಬರು. ಅವರು ಪ್ರಕಟಿಸಿದ ಪ್ರಬಂಧಗಳು ಏಳೇ ಏಳು. ಈಗಿನ ಲೆಕ್ಕದಲ್ಲಿ ಇದು ಹೇಳಿಕೊಳ್ಳುವಂಥ ಸಂಖ್ಯೆಯಲ್ಲ. ಆದರೆ ಆ ಏಳರಲ್ಲಿ ಯಾವುದನ್ನು ತೆಗೆದುಕೊಂಡು ಯಾರು ಎಲ್ಲಿ ಮತ್ತೆ ಮಾಡಿ ನೋಡಿದರೂ ಅವರು ಬರೆದಷ್ಟೇ ಬರುತ್ತದೆ, ಒಂದು ಕೂದಲೆಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಪೊರೆಯಿಲ್ಲದ ಪೆರಾಕ್ಸೈಡ್ ಇಂಧನಕೋಶವೆಂಬ ಸಣ್ಣ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡಿದವರು, ನನಗೆ ತಿಳಿದ ಮಟ್ಟಿಗೆ, ಅವರೊಬ್ಬರೇ.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಲೇಖನ ಕೇಳಿದಾಗ ಸಂಪಾದಕ ಮಂಡಳಿಯವರು ವಿನಯದಿಂದಲೇ ಒಂದು ಮಾತು ಸೇರಿಸಿದ್ದರು. ಎರಡು ಸಾವಿರದ ಎಂಟನೆಯ ಇಸವಿಯ ವಿಚಾರ ಸಂಕಿರಣದ ಪ್ರಸಂಗವನ್ನು ಬಿಟ್ಟು ಬರೆದರೆ ಚೆನ್ನ, ಶುಭ ಸಂದರ್ಭದಲ್ಲಿ ಅದೇಕೆ ಎಂದು. ಆ ಪ್ರಸಂಗವನ್ನು ಬಿಡುವುದಾದರೆ ನಾನು ಬರೆಯಬೇಕಾದ್ದು ಏನೂ ಉಳಿಯುವುದಿಲ್ಲ. ಗಂಗಹನುಮಯ್ಯನವರ ಹೆಸರಿನ ಮೇಲೆ ಒಂದು ಕಲೆ ಇದೆ ಎಂದು ಮಂಡಳಿ ತಿಳಿದಿದೆ. ಅದು ಯಾರದ್ದು ಎಂಬುದನ್ನು ಹೇಳುವುದಕ್ಕೇ ನಾನು ಕುಳಿತಿದ್ದೇನೆ. ಬೇಡವೆನಿಸಿದರೆ ಅಚ್ಚು ಹಾಕದಿರುವ ಸ್ವಾತಂತ್ರ್ಯ ಅವರಿಗಿದೆ.

ನಾನು ಅವರ ಕೊನೆಯ ಎಂ.ಫಿಲ್. ವಿದ್ಯಾರ್ಥಿನಿ. ಕೊನೆಯವಳು ಏಕಾದೆ ಎಂಬುದೂ ಮುಂದೆ ಬರುತ್ತದೆ.

ಮಾಗಡಿ ತಾಲ್ಲೂಕಿನ ಕುದೂರಿನ ಕಡೆಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಗುರುಗಳು ೧೯೭೬ರಲ್ಲಿ ಚನ್ನಪಟ್ಟಣದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಕೆಲಸಕ್ಕೆ ಸೇರಿದರು. ಕನಕಪುರದಲ್ಲಿ ಹದಿಮೂರು ವರ್ಷ ಉಪನ್ಯಾಸಕರಾಗಿದ್ದರು. ೧೯೯೬ರಿಂದ ಇಂದಿನವರೆಗೆ ರಾಮನಗರದಲ್ಲಿದ್ದಾರೆ. ಎಲ್ಲಿ ಹೋದರೂ ಮೊದಲು ಅವರು ಮಾಡಿದ ಕೆಲಸ ಒಂದೇ: ಪ್ರಯೋಗಾಲಯದ ಪುಸ್ತಕಗಳಿಗೆ ಪುಟಸಂಖ್ಯೆ ಹಾಕಿಸಿದ್ದು. ಪುಟ ಹರಿಯುವಂತಿಲ್ಲ. ರಬ್ಬರ್ ಮುಟ್ಟುವಂತಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಅದೂ ಕೆಳಗಿನ ಅಕ್ಷರ ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ, ತಾರೀಖು ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಯಾರು ಬರೆದರೋ ಅವರೇ ಗೆರೆ ಎಳೆಯಬೇಕು. ಮೇಷ್ಟರೂ ವಿದ್ಯಾರ್ಥಿಯ ತಪ್ಪನ್ನು ಹೊಡೆಯುವಂತಿಲ್ಲ. “ನಿನ್ ತಪ್ಪು ನಿನ್ದು, ನಾನ್ಯಾಕೆ ಕಿತ್ಕೊಳ್ಳಾನ” ಎನ್ನುತ್ತಿದ್ದರು. ತರಗತಿಯಲ್ಲಿ ಗ್ರಾಂಥಿಕವಾಗಿ ಮಾತಾಡುತ್ತಿದ್ದ ಅವರು ಪ್ರಯೋಗಾಲಯಕ್ಕೆ ಬಂದ ಕೂಡಲೇ ಕುದೂರಿನ ಮಾತಿಗೆ ಇಳಿಯುತ್ತಿದ್ದರು.

ನಮಗೆ ಇದು ಕಿರಿಕಿರಿಯಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಬೇರೆ ವಿಭಾಗದವರು ಹಾಯಾಗಿ ಬಿಳಿ ಬಣ್ಣ ಬಳಿದು ಅಂದವಾದ ರೆಕಾರ್ಡು ಒಪ್ಪಿಸುವಾಗ ನಮ್ಮ ಪುಸ್ತಕಗಳು ಗೆರೆಗಳಿಂದ ತುಂಬಿ ನೋಡಲಾಗದಂತಿರುತ್ತಿದ್ದವು. ಅಚ್ಚುಕಟ್ಟಿನ ಪುಸ್ತಕ ಕಂಡರೆ ಅವರಿಗೆ ಅನುಮಾನ. ನಾಲ್ಕು ಗೆರೆ ಇದ್ದ ಪುಸ್ತಕಕ್ಕೆ ಹೆಚ್ಚು ಅಂಕ.

ಹಾಗೆಂದು ಅವರು ಬರೀ ಕಟ್ಟುನಿಟ್ಟಿನ ಮನುಷ್ಯರಲ್ಲ. ನಾನು ಅವರ ತರಗತಿಯಲ್ಲಿ ಓದುತ್ತಿದ್ದಾಗ ರಾಮನಗರದ ಕಾಲೇಜಿಗೆ ಕನಕಪುರದ ಕಡೆಯಿಂದ ಬರುತ್ತಿದ್ದ ಹೆಣ್ಣುಮಕ್ಕಳು ನಾವು ಆರು ಜನ. ನಮಗೆ ಅನುಕೂಲವಾದ ನೇರ ಬಸ್ಸು ನಾಲ್ಕೂಮುಕ್ಕಾಲಿಗೆ ಹೊರಡುತ್ತಿತ್ತು, ಮಧ್ಯಾಹ್ನದ ಪ್ರಾಯೋಗಿಕ ತರಗತಿ ಐದಕ್ಕೆ ಮುಗಿಯುತ್ತಿತ್ತು. ನಾವು ಯಾರೂ ದೂರು ಹೇಳಿರಲಿಲ್ಲ. ಒಂದು ಸೋಮವಾರ ಫಲಕದಲ್ಲಿ ಸೂಚನೆ ಬಿತ್ತು: ಇನ್ನು ಮುಂದೆ ಪ್ರಾಯೋಗಿಕ ತರಗತಿ ಬೆಳಿಗ್ಗೆ ಎಂಟಕ್ಕೆ. ಕಾರಣ ಬರೆದಿರಲಿಲ್ಲ. ಅದಕ್ಕಾಗಿ ಅವರು ಎರಡು ವರ್ಷ ತಿಂಡಿಯನ್ನು ಡಬ್ಬಿಯಲ್ಲಿ ತಂದು, ತಕ್ಕಡಿಯ ಪಕ್ಕದ ಬೆಂಚಿನ ಮೇಲೆ ಕುಳಿತು ತಣ್ಣಗಾದ ರೊಟ್ಟಿ ತಿನ್ನುತ್ತಿದ್ದುದನ್ನು ನಾವು ಕಂಡಿದ್ದೇವೆ. ಯಾರಾದರೂ ಧನ್ಯವಾದ ಹೇಳಲು ಹೋದರೆ ಪಿಪೆಟ್ಟು ತೊಳೆದಾಯಿತೇ ಎಂದು ಕೇಳುತ್ತಿದ್ದರು.

ಇನ್ನು ಕೋಶದ ವಿಷಯ. ಸಾಮಾನ್ಯ ಇಂಧನಕೋಶದಲ್ಲಿ ಒಂದು ಕಡೆ ಇಂಧನ, ಇನ್ನೊಂದು ಕಡೆ ಆಮ್ಲಜನಕ. ಎರಡೂ ಬೆರೆತುಹೋಗದಂತೆ ನಡುವೆ ತೆಳುವಾದ ಪೊರೆಯೊಂದು ಇರುತ್ತದೆ. ಆ ಪೊರೆ ದುಬಾರಿ, ಹಾಳಾಗುವುದೂ ಬೇಗ. ಹೈಡ್ರೋಜನ್ ಪೆರಾಕ್ಸೈಡಿನ ವಿಶೇಷವೆಂದರೆ ಅದು ಒಂದು ಲೋಹದ ಮೇಲೆ ಎಲೆಕ್ಟ್ರಾನನ್ನು ಕೊಡುತ್ತದೆ, ಇನ್ನೊಂದು ಲೋಹದ ಮೇಲೆ ತೆಗೆದುಕೊಳ್ಳುತ್ತದೆ. ಇಂಧನವೂ ಅದೇ, ಎದುರಾಳಿಯೂ ಅದೇ. ಹೀಗಾಗಿ ಪೊರೆಯ ಗೊಡವೆಯಿಲ್ಲ. ಕ್ಷಾರ ಬೆರೆತ ಪೆರಾಕ್ಸೈಡಿನ ಒಂದೇ ಬಾಟಲಿಗೆ ಒಂದು ನಿಕ್ಕಲ್ ಜಾಲರಿ, ಒಂದು ಬೆಳ್ಳಿ ಲೇಪದ ಜಾಲರಿ ಇಳಿಬಿಟ್ಟರೆ ಸಾಕು, ನಡುವೆ ಒಂದಿಷ್ಟು ವಿದ್ಯುತ್ ಹರಿಯುತ್ತದೆ. ಒಂದಿಷ್ಟು ಎಂದರೆ ನಿಜವಾಗಿ ಒಂದಿಷ್ಟೇ: ಒಂದು ವೋಲ್ಟಿನ ಹತ್ತನೆಯ ಒಂದು ಪಾಲು.

ಈ ಯೋಚನೆ ಗುರುಗಳಿಗೆ ಬಂದದ್ದು ರೇಷ್ಮೆಯಿಂದ. ರಾಮನಗರದಲ್ಲಿ ನೂರ್ಜಹಾನ್ ಅವರು ರೇಷ್ಮೆ ನೂಲನ್ನು ಬಿಳುಪು ಮಾಡುವ ಒಂದು ಸಣ್ಣ ಘಟಕ ನಡೆಸುತ್ತಾರೆ. ಬಿಳುಪಿಗೆ ಬಳಸುವುದು ಕ್ಷಾರ ಬೆರೆತ ಪೆರಾಕ್ಸೈಡ್. ನೂಲು ತೆಗೆದ ಮೇಲೂ ತೊಟ್ಟಿಯ ನೀರಿನಲ್ಲಿ ಪೆರಾಕ್ಸೈಡ್ ಉಳಿದಿರುತ್ತದೆ, ಅದು ಹಾಗೇ ಮೋರಿಗೆ ಹೋಗುತ್ತದೆ. ೨೦೦೫ರಲ್ಲಿ ಅದನ್ನು ನೋಡಿದ ಗುರುಗಳು ಈ ನೀರಿನಿಂದ ಅಲ್ಲಿಯದೇ ಒಂದು ಗಡಿಯಾರವನ್ನಾದರೂ ಓಡಿಸಬಹುದೇ ಎಂದು ಕೇಳಿಕೊಂಡರು. ತೊಟ್ಟಿಯಲ್ಲಿ ನೂಲು ಎಷ್ಟು ಹೊತ್ತು ಇರಬೇಕೆಂದು ನೋಡಿಕೊಳ್ಳಲು ಅಲ್ಲಿ ಗಡಿಯಾರ ಬೇಕೇ ಬೇಕು. ಅಷ್ಟೇ ಅವರ ಆಸೆ, ಊರಿಗೆಲ್ಲ ದೀಪ ಹಾಕುತ್ತೇನೆ ಎಂದು ಅವರು ಯಾವತ್ತೂ ಹೇಳಿದವರಲ್ಲ. ೨೦೦೭ರಲ್ಲಿ ಆ ಕೆಲಸ ನನ್ನ ಎಂ.ಫಿಲ್. ವಿಷಯವಾಯಿತು.

ಪ್ರತಿ ಪ್ರಯೋಗಕ್ಕೂ ಮೊದಲು ಜಾಲರಿಯ ತೂಕ ನೋಡಬೇಕು, ಮುಗಿದ ಮೇಲೆ ಮತ್ತೆ ನೋಡಬೇಕು. ಕಾರಣ ಸರಳ. ವಿದ್ಯುತ್ತು ಪೆರಾಕ್ಸೈಡಿನಿಂದ ಬಂದರೆ ಜಾಲರಿಯ ತೂಕ ಹಾಗೇ ಇರುತ್ತದೆ. ಜಾಲರಿಯೇ ಕರಗಿ ವಿದ್ಯುತ್ತು ಕೊಡುತ್ತಿದ್ದರೆ ತೂಕ ಇಳಿಯುತ್ತದೆ; ಆಗ ಅದು ಇಂಧನಕೋಶವಲ್ಲ, ಅಂಗಡಿಯಲ್ಲಿ ಸಿಗುವ ಟಾರ್ಚ್ ಸೆಲ್ಲಿನ ದಾಯಾದಿ. ನಮ್ಮ ನಾಲ್ಕು ದಶಾಂಶದ ತಕ್ಕಡಿ ಇದ್ದದ್ದು ಗಾಳಿಯಾಡದ ಒಂದು ಸಣ್ಣ ಕೋಣೆಯಲ್ಲಿ. ಅದರ ಬೀಗದ ಕೈ ಅಟೆಂಡರ್ ಮುನಿಶಾಮಯ್ಯನವರ ಉಡಿದಾರದಲ್ಲಿ. ಬಾಗಿಲು ತೆರೆದ ಹೊತ್ತನ್ನು ಅವರು ಒಂದು ರಿಜಿಸ್ಟರಿನಲ್ಲಿ ತಪ್ಪದೆ ಬರೆದಿಡುತ್ತಿದ್ದರು.

ಮುನಿಶಾಮಯ್ಯನವರು ಅಕ್ಕೂರಿನವರು, ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಗೂಡು ಬಿಡಿಸಿದ ದಿನ ಅದನ್ನು ರಾಮನಗರದ ಗೂಡಿನ ಮಾರುಕಟ್ಟೆಗೆ ಹಾಕಿ, ಹರಾಜು ಮುಗಿಸಿಕೊಂಡು ಕಾಲೇಜಿಗೆ ಬರುವುದು ವಾಡಿಕೆ. ಇದು ಪ್ರಾಂಶುಪಾಲರಿಂದ ಹಿಡಿದು ಎಲ್ಲರಿಗೂ ಗೊತ್ತಿದ್ದ ವಿಷಯ, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆ ದಿನಗಳಲ್ಲಿ ಬೀಗದ ಕೈಯೂ ಅವರ ಜೊತೆ ಮಾರುಕಟ್ಟೆಗೆ ಹೋಗುತ್ತಿತ್ತು ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ನಮ್ಮ ನಿಕ್ಕಲ್ ಜಾಲರಿ ಮುಗಿಯಿತು. ನನ್ನ ದೊಡ್ಡಪ್ಪನ ಮಗ ಮನೋಹರ್ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸೋಸುಜಾಲರಿ ಕಾರ್ಖಾನೆಯಲ್ಲಿದ್ದ. ಕತ್ತರಿಸಿ ಉಳಿದ ಒಂದು ಹಾಳೆಯನ್ನು ಸುತ್ತಿ ತಂದುಕೊಟ್ಟ.

“ನಿಕ್ಕಲ್ಲೇನಣ್ಣ ಇದು?” ಎಂದೆ.

“ನಿಕ್ಕಲ್ಲೇ ಕಣಮ್ಮಿ. ಹೆಂಗ್ ಹೊಳೀತಾ ಐತೆ ನೋಡು” ಎಂದ.

ಹೊಳೆಯುವುದನ್ನು ನೋಡಿ ಲೋಹ ಯಾವುದೆಂದು ತೀರ್ಮಾನಿಸಿದ ರಸಾಯನಶಾಸ್ತ್ರದ ವಿದ್ಯಾರ್ಥಿನಿ ನಾನು. ಗುರುಗಳಿಗೆ ನಿಕ್ಕಲ್ ಎಂದೇ ಹೇಳಿದೆ. ಅವರು ನನ್ನ ಮಾತನ್ನು ನಂಬಿದರು.

ನವೆಂಬರ್ ಹತ್ತೊಂಬತ್ತು, ಸೋಮವಾರ. ನೂರ್ಜಹಾನ್ ಅವರ ಘಟಕದಿಂದ ತೊಟ್ಟಿಯ ನೀರು ಒಂಬತ್ತೂವರೆಗೆ ಬಂತು. ಇಟ್ಟಷ್ಟೂ ಹೊತ್ತು ಅದರ ಪೆರಾಕ್ಸೈಡ್ ತಾನಾಗಿ ಒಡೆದುಹೋಗುತ್ತದೆ, ಆದ್ದರಿಂದ ಕಾಯುವಂತಿಲ್ಲ. ತೂಕದ ಕೋಣೆಗೆ ಬೀಗ. ಮುನಿಶಾಮಯ್ಯನವರು ಗೂಡಿನ ಮಾರುಕಟ್ಟೆಯಲ್ಲಿ. ಗುರುಗಳು ಪರೀಕ್ಷಾ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರು. ಹತ್ತೂವರೆಯವರೆಗೆ ಕಾದೆ, ಆಮೇಲೆ ಹೊಸ ಜಾಲರಿಯನ್ನು ತೂಕ ನೋಡದೆಯೇ ಬಾಟಲಿಗೆ ಇಳಿಸಿದೆ. ಇಷ್ಟರವರೆಗೆ ಅದು ಬರೀ ತಪ್ಪು. ಪುಸ್ತಕದಲ್ಲಿ ‘ತೂಕ ನೋಡಿಲ್ಲ’ ಎಂದು ಎರಡು ಪದ ಬರೆದಿದ್ದರೆ ಮುಗಿದುಹೋಗುತ್ತಿತ್ತು. ನಾನು ಆ ಜಾಗವನ್ನು ಖಾಲಿ ಬಿಟ್ಟೆ.

ಮಾಪಕ ಒಂದು ವೋಲ್ಟಿನ ಹತ್ತನೆಯ ಆರು ಪಾಲು ತೋರಿಸಿತು. ಆರು ಪಟ್ಟು. ತಂತಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿ ನೋಡಿದೆ, ಅಷ್ಟೇ ಇತ್ತು. ಏಳು ದಿನ ಅದು ಹಾಗೇ ನಿಂತಿತು. ಇಪ್ಪತ್ತಾರರಂದು ಜಾಲರಿ ತೆಗೆದು, ತೊಳೆದು, ಒಣಗಿಸಿ ತೂಗಿದೆ: ೨.೨೮೭೧ ಗ್ರಾಂ. ಪಕ್ಕದಲ್ಲಿ ಮೊದಲ ತೂಕದ ಜಾಗ ಖಾಲಿ. ಈಗ ಖಾಲಿ ಎಂದು ಒಪ್ಪಿಕೊಂಡರೆ ಏಳು ದಿನದ ಕೆಲಸ ಮತ್ತೆ ಮೊದಲಿನಿಂದ. ನಾನು ಅಲ್ಲಿ ೨.೨೮೭೪ ಎಂದು ಬರೆದೆ. ನೋಡಿದವರಿಗೆ ಅನುಮಾನ ಬರದಿರಲೆಂದು ಕೊನೆಯಲ್ಲಿ ಮೂರರ ವ್ಯತ್ಯಾಸ ಇಟ್ಟೆ. ಅಷ್ಟು ಜಾಣತನ ನನಗೆ ಆ ಹೊತ್ತಿನಲ್ಲಿ ಎಲ್ಲಿಂದ ಬಂತೋ ಕಾಣೆ.

ಗುರುಗಳು ಕೋಷ್ಟಕ ನೋಡಿದರು. “ತೂಕ ಇಳ್ದಿಲ್ವಾ?” ಎಂದು ಕೇಳಿದರು. “ಇಲ್ಲ ಸಾರ್” ಎಂದೆ. ಹೊಸ ಜಾಲರಿಯ ಹೆಣಿಗೆ ಒತ್ತಾಗಿರುವುದೇ ಕಾರಣವಿರಬಹುದೆಂದು ಅವರು ಎಚ್ಚರಿಕೆಯಿಂದ ಒಂದು ಟಿಪ್ಪಣಿ ಬರೆದರು. ಫೆಬ್ರವರಿಯ ಸಂಕಿರಣಕ್ಕೆ ಸಾರಾಂಶ ಹೋಯಿತು, ಒಪ್ಪಿಗೆಯೂ ಬಂತು. ಜನವರಿಯಲ್ಲಿ ನೂರ್ಜಹಾನ್ ಅವರ ಘಟಕದ ಗೋಡೆಗೆ ಮೂರು ಬಾಟಲಿಗಳನ್ನು ಸರಣಿಯಾಗಿ ಜೋಡಿಸಿ ಒಂದು ಪುಟ್ಟ ಡಿಜಿಟಲ್ ಗಡಿಯಾರ ಕಟ್ಟಿದೆವು. ಅದು ಓಡಿತು. ಸುತ್ತಮುತ್ತಲಿನ ಘಟಕದವರು ಬಂದು ನೋಡಿಹೋದರು. ಮೂವತ್ತೊಂದು ವರ್ಷದ ಸೇವೆಯಲ್ಲಿ ಗುರುಗಳು ನಗುತ್ತಾ ನಿಂತ ಛಾಯಾಚಿತ್ರ ಬಹುಶಃ ಅದೊಂದೇ. ಈ ಸಂಪುಟದ ಮುಖಪುಟಕ್ಕೆ ಅದನ್ನೇ ಆರಿಸಿದ್ದಾರೆಂದು ಕೇಳಿದ್ದೇನೆ.

ಹನ್ನೊಂದನೆಯ ದಿನ ಗಡಿಯಾರ ನಿಂತಿತು. ನೂರ್ಜಹಾನ್ ಅವರೇ ಜಾಲರಿಯನ್ನು ಕಾಗದದಲ್ಲಿ ಸುತ್ತಿಕೊಂಡು ಕಾಲೇಜಿಗೆ ಬಂದರು.

“ಮೇಷ್ಟ್ರೇ, ನಿಕ್ಕಲ್ಲು ತುಕ್ಕು ಹಿಡಿಯಲ್ಲ ಅಂತ ನೀವೇ ಹೇಳಿದ್ರಿ. ಇದು ನೋಡಿ ಒಸಿ” ಎಂದು ಬಿಚ್ಚಿ ತೋರಿಸಿದರು. ಜಾಲರಿ ತೂತುಬಿದ್ದು ಕೆಂಪಗಾಗಿತ್ತು.

ಗುರುಗಳು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಅಂಚನ್ನು ಉಗುರಿನಿಂದ ಕೆರೆದು ನೋಡಿದರು. “ಕಬ್ಬಿಣ ಕಣಮ್ಮ. ಮೇಲೆ ಸತು ಬಳ್ದವ್ರೆ. ಸತು ಕರಗ್ತಾ ಇತ್ತು, ನಾವು ಪೆರಾಕ್ಸೈಡು ಅನ್ಕೊಂಡೋ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆದ್ರೆ ತೂಕ ಯಾಕೆ ಇಳೀಲಿಲ್ಲ?” ಎಂದರು.

ನಾನು ಗೊತ್ತಿಲ್ಲ ಎಂದೆ.

ಪ್ರಬಂಧವನ್ನು ಹಿಂತೆಗೆದುಕೊಂಡರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆಂದು ನಾನೇ ಅಂಗಲಾಚಿದೆ. ಅವರು ಕೇಳಲಿಲ್ಲ, ಸಾರಾಂಶ ಅಚ್ಚಾಗಿದೆ, ಅದನ್ನು ನೋಡಿ ಬೇರೆ ಯಾರಾದರೂ ಕೆಲಸ ಶುರುಮಾಡಿದರೆ ಅವರ ಒಂದು ವರ್ಷ ಹಾಳು ಎಂದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಸಂಕಿರಣದಲ್ಲಿ ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಅವರು ವೇದಿಕೆಗೆ ಹೋಗಿ ತಮ್ಮ ಪ್ರಬಂಧದ ಮುಖ್ಯ ಸಂಖ್ಯೆ ತಪ್ಪೆಂದೂ, ಜಾಲರಿಯನ್ನು ಪರೀಕ್ಷಿಸದೆ ಬಳಸಿದ್ದು ತಮ್ಮ ಲೋಪವೆಂದೂ, ನಿಜವಾದ ನಿಕ್ಕಲ್ ಕೊಡುವುದು ಹತ್ತನೆಯ ಒಂದು ಪಾಲು ಮಾತ್ರವೆಂದೂ ಓದಿ ಹೇಳಿದರು. ಅಧ್ಯಕ್ಷರು ಕೇಳಿದರು: “ತೂಕ ನೋಡಿರಲಿಲ್ಲವೇ?”

ಸಭೆಯಲ್ಲಿ ಎಪ್ಪತ್ತು ಜನ ಇದ್ದಿರಬಹುದು.

“ಅದು ನನ್ನ ಪ್ರಯೋಗಾಲಯದ ತೂಕ. ಅದರ ಹೊಣೆ ನನ್ನದು” ಎಂದು ಹೇಳಿ ಗುರುಗಳು ಕಾಗದ ಮಡಿಸಿದರು.

ನನಗೆ ಆಗ ಆದದ್ದು ನಾಚಿಕೆಯಲ್ಲ, ಬಿಡುಗಡೆ. ಅವರಿಗೆ ಗೊತ್ತಾಗಿಲ್ಲ, ನಾನು ಉಳಿದುಕೊಂಡೆ ಎಂದುಕೊಂಡೆ. ವಿಶ್ವವಿದ್ಯಾಲಯದವರು ಸಂಶೋಧನಾ ಮಾರ್ಗದರ್ಶಕರ ಪಟ್ಟಿಯನ್ನು ಆ ವರ್ಷ ಪರಿಷ್ಕರಿಸಿದಾಗ ಗಂಗಹನುಮಯ್ಯನವರ ಹೆಸರು ಬಿಟ್ಟುಹೋಯಿತು. ಆಮೇಲೆ ಅವರ ಬಳಿ ಯಾರೂ ಸಂಶೋಧನೆಗೆ ಸೇರಲಾಗಲಿಲ್ಲ. ಹೀಗೆ ನಾನು ಕೊನೆಯವಳಾದೆ. ಅಧ್ಯಾಪಕರ ಕೋಣೆಗಳಲ್ಲಿ ಅವರಿಗೆ ‘ತೂಕ ನೋಡದ ಮೇಷ್ಟ್ರು’ ಎಂಬ ಹೆಸರು ಬಿತ್ತು. ಜೀವಮಾನವಿಡೀ ತೂಕ ನೋಡಿ ಎಂದು ಹೇಳಿ ಹೇಳಿ ನಮ್ಮ ತಲೆ ತಿಂದ ಮನುಷ್ಯರಿಗೆ ಇದು. ನನ್ನ ಎದುರಿಗೇ ಆ ಹೆಸರು ಹೇಳಿ ನಕ್ಕವರಿದ್ದಾರೆ, ನಾನು ಸುಮ್ಮನಿದ್ದೆ.

ನನ್ನ ಎಂ.ಫಿಲ್. ಪ್ರಬಂಧದ ಕೆಲಸವನ್ನು ಗುರುಗಳು ಮತ್ತೆ ಮೊದಲಿನಿಂದ ಮಾಡಿಸಿದರು. ನಿಜವಾದ ನಿಕ್ಕಲ್ ತರಿಸಿದರು. ಮುನಿಶಾಮಯ್ಯನವರ ಬೀಗದ ಕೈಗೆ ಇನ್ನೊಂದು ಮಾಡಿಸಿ ಗೋಡೆಯ ಮೊಳೆಗೆ ತೂಗುಹಾಕಿದರು. “ನಾನ್ ಗೂಡ್ ಹಾಕಾಕ್ ಹೋಗಿದ್ಕೇ ಹಿಂಗಾಯ್ತಾ ಸಾ?” ಎಂದು ಮುನಿಶಾಮಯ್ಯ ನೊಂದುಕೊಂಡಾಗ, “ನಿಂದೇನಿಲ್ಲ ಬುಡು, ಗೂಡಿಗೆ ಏನ್ ರೇಟ್ ಬಂತು?” ಎಂದು ಮಾತು ತಿರುಗಿಸಿದರು. ಹತ್ತನೆಯ ಒಂದು ಪಾಲು ಕೊಡುವ ಕೋಶಗಳನ್ನು ಹದಿನಾರು ಉಪ್ಪಿನಕಾಯಿ ಬಾಟಲಿಗಳಲ್ಲಿ ಸಾಲಾಗಿ ಜೋಡಿಸಿ ಅದೇ ಗಡಿಯಾರವನ್ನು ಮತ್ತೆ ಓಡಿಸಿದೆವು. ದಿನವೂ ತೊಟ್ಟಿಯ ಹೊಸ ನೀರು ತುಂಬಬೇಕು ಅಷ್ಟೇ. ಜಾಲರಿಗಳ ತೂಕ ಇಳಿಯಲಿಲ್ಲ, ಈ ಸಲ ನಿಜವಾಗಿಯೂ. ಆ ಗಡಿಯಾರ ಇವತ್ತಿಗೂ ಓಡುತ್ತಿದೆ. ನನಗೆ ಪದವಿ ಬಂತು, ಹಾರೋಹಳ್ಳಿಯ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸವೂ ಸಿಕ್ಕಿತು. ದಿನಕ್ಕೆ ನಲವತ್ತು ಸಲ ತೂಗುತ್ತೇನೆ.

ಈ ಲೇಖನಕ್ಕೆ ಇಸವಿಗಳನ್ನು ಸರಿನೋಡಿಕೊಳ್ಳಲು ಕಳೆದ ವಾರ ವಿಭಾಗಕ್ಕೆ ಹೋಗಿ ನನ್ನ ಹಳೆಯ ಪುಸ್ತಕ ಕೇಳಿ ಪಡೆದೆ. ಎಂಬತ್ತಾರನೆಯ ಪುಟ. ನನ್ನ ೨.೨೮೭೪ ಹಾಗೇ ಇತ್ತು, ಅದರ ಮೇಲೆ ಯಾರೂ ಗೆರೆ ಎಳೆದಿರಲಿಲ್ಲ. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಗುರುಗಳ ಸಣ್ಣ ಅಕ್ಷರ: ‘ರಿಜಿಸ್ಟರಿನಂತೆ ೧೯ರಂದು ಬಾಗಿಲು ತೆರೆದದ್ದು ೧೨.೨೦ಕ್ಕೆ. ಪ್ರಯೋಗ ಆರಂಭ ೧೦.೩೦. ತಿದ್ದುಪಡಿ’ ಎಂದು ಬರೆದು ಮುಂದೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದರು. ಕೊನೆಯಲ್ಲಿ ‘ಸಹಿ’ ಎಂದಿತ್ತು, ಅಲ್ಲಿಯೂ ಖಾಲಿ. ಅವರ ಟಿಪ್ಪಣಿಯ ತಾರೀಖು ೩೦–೧–೨೦೦೮. ಸಂಕಿರಣ ನಡೆದದ್ದು ಅದಾಗಿ ಎರಡು ವಾರಕ್ಕೆ.

ಎಲ್ಲವನ್ನೂ ತಿಳಿದೇ ಅವರು ಆ ವೇದಿಕೆ ಹತ್ತಿದ್ದರು. ಆಮೇಲೆ ಎರಡು ವರ್ಷ ನಾಲ್ಕು ತಿಂಗಳು ಆ ಖಾಲಿ ಜಾಗವನ್ನು ನನಗೋಸ್ಕರ ಹಾಗೇ ಇಟ್ಟುಕೊಂಡಿದ್ದರು. ನಾನು ಪುಸ್ತಕ ಮುಚ್ಚಿ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಪುಸ್ತಕ ಹಿಡಿದು ಹೋದಾಗ ಗುರುಗಳು ನೂರ್ಜಹಾನ್ ಅವರ ಘಟಕದಲ್ಲಿ ಉಪ್ಪಿನಕಾಯಿ ಬಾಟಲಿಗಳಿಗೆ ನೀರು ತುಂಬುತ್ತಿದ್ದರು. ಹೇಳಬೇಕಾದ್ದನ್ನು ಹೇಳಿದೆ. ಹೇಳುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರು ಹದಿನಾರನೆಯ ಬಾಟಲಿ ತುಂಬಿಸಿ ಕೈ ಒರೆಸಿಕೊಂಡರು.

“ಪೆನ್ ಐತಾ?” ಎಂದರು.

ಇತ್ತು. ತೊಟ್ಟಿಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡೆ.

“ಇವತ್ತಿನ್ ತಾರೀಖೇ ಹಾಕು. ಹಳೇದ್ ಹಾಕ್ಬ್ಯಾಡ” ಎಂದರು. ಆಮೇಲೆ ಗಡಿಯಾರ ನೋಡಿ, ನೂಲು ತೆಗೆಯುವ ಹೊತ್ತಾಯಿತೆಂದು ನೂರ್ಜಹಾನ್ ಅವರನ್ನು ಕೂಗಿದರು.

ಇದೇ ಜೂನ್ ಕೊನೆಗೆ ಪ್ರೊಫೆಸರ್ ಗಂಗಹನುಮಯ್ಯನವರು ನಿವೃತ್ತರಾಗುತ್ತಾರೆ. ಹದಿನಾರು ಬಾಟಲಿಗಳನ್ನು ಹನ್ನೆರಡಕ್ಕೆ ಇಳಿಸುವ ಕೆಲಸ ಬಾಕಿಯಿದೆ ಎಂದು ಹೇಳುತ್ತಿದ್ದಾರೆ. ಅದನ್ನು ಮುಗಿಸುವಷ್ಟು ಆಯಸ್ಸು, ಮುಗಿದ ಮೇಲೆ ಇನ್ನೊಂದನ್ನು ಶುರುಮಾಡುವಷ್ಟು ಕಣ್ಣು ಕೈಗಳ ಕಸುವು ಅವರಿಗಿರಲಿ ಎಂದು ಅವರ ಎಲ್ಲ ಶಿಷ್ಯರ ಪರವಾಗಿ ಹಾರೈಸುತ್ತೇನೆ. ಅವರನ್ನು ತೂಕ ನೋಡದ ಮೇಷ್ಟ್ರು ಎಂದು ಕರೆದವರು ಈ ಸಂಪುಟವನ್ನೂ ಓದುತ್ತಾರೆಂದು ನನಗೆ ಗೊತ್ತು. ಅವರ ಗಮನಕ್ಕಾಗಿ ಎಂಬತ್ತಾರನೆಯ ಪುಟದಲ್ಲಿ ಈಗ ಇರುವುದನ್ನು ಇದ್ದಂತೆಯೇ ಇಲ್ಲಿ ಬರೆಯುತ್ತಿದ್ದೇನೆ. ೨.೨೮೭೪ರ ಮೇಲೆ ಒಂದು ಗೆರೆ, ಸಂಖ್ಯೆ ಓದಲು ಬರುತ್ತದೆ. ತಿದ್ದುಪಡಿ: ‘ಮೊದಲ ತೂಕ ನೋಡಿಲ್ಲ, ಆಮೇಲೆ ಊಹಿಸಿ ಬರೆದದ್ದು.’ ಸಹಿ: ಅಮೂಲ್ಯ. ೫–೬–೨೦೧೦.